ಚಿಕ್ಕಬಳ್ಳಾಪುರದ ಚಳಿಗಾಲದಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಿಗೆ

ದೀಪಾವಳಿ ಕಳೆದು ಕಾರ್ತಿಕದ ಚಳಿ ಹತ್ತಿಕೊಂಡಿತೆಂದರೆ ನಮ್ಮ ಕಡೆ ಸೈಕಲ್ಲುಗಳು ಒಂದೊಂದಾಗಿ ಜಗುಲಿಯ ಮೂಲೆ ಸೇರುತ್ತವೆ. ವರ್ಷದ ಉಳಿದ ದಿನಗಳಲ್ಲಿ ತಪ್ಪದೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರು ಕೂಡ ಶಿವರಾತ್ರಿ ಕಳೆಯಲಿ, ನೋಡೋಣ ಎಂದು ಬಸ್ಸಿಗೆ ಕಾಯತೊಡಗುತ್ತಾರೆ. ಕಾರಣ ಕೇಳಿದರೆ ಎಲ್ಲರೂ ಚಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಮುದ್ದೇನಹಳ್ಳಿಯ ಸಮೀಪದ ಹಳ್ಳಿಯೊಂದರಿಂದ ಚಿಕ್ಕಬಳ್ಳಾಪುರದ ಕಚೇರಿಗೆ ಸುಮಾರು ಎಂಟು ಕಿಲೋಮೀಟರ್ ದೂರವನ್ನು ಹಲವು ಚಳಿಗಾಲಗಳಲ್ಲಿ ಸೈಕಲ್ಲಿನ ಮೇಲೆಯೇ ಓಡಾಡಿರುವ ನನಗೆ ಚಳಿಯಿಂದ ಒಂದು ದಿನವೂ ಹೇಳಿಕೊಳ್ಳುವಂಥ ತೊಂದರೆಯಾಗಿಲ್ಲ. ತೊಂದರೆ ಕೊಟ್ಟದ್ದು ಮಂಜು, ಕತ್ತಲೆ, ರಸ್ತೆಯ ಮೇಲೆ ಹರಡಿದ ರಾಗಿ ತೆನೆ, ಮತ್ತು ಚಳಿಗೆ ಹೆದರಿ ಮೈತುಂಬ ಬಟ್ಟೆ ಸುತ್ತಿಕೊಂಡು ಸುರಿಸಿಕೊಂಡ ಬೆವರು. ಆದ್ದರಿಂದ ಇಲ್ಲಿ ಚಳಿಯ ಮಾತು ಕಡಿಮೆ, ಉಳಿದವುಗಳ ಮಾತು ಹೆಚ್ಚು.

ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಸಿಗುವ ಬಹುಪಾಲು ಸಲಹೆಗಳು ಹಿಮ ಬೀಳುವ ದೇಶಗಳಿಂದ ಬಂದವು. ಫಿನ್ಲೆಂಡಿನ ಔಲು ನಗರದಲ್ಲಿ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಉಷ್ಣಾಂಶದಲ್ಲೂ ಜನರು ಸೈಕಲ್ ತುಳಿದುಕೊಂಡು ಶಾಲೆಗೆ, ಕೆಲಸಕ್ಕೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನವೂ 2013ರಲ್ಲಿ ಮೊದಲ ಬಾರಿಗೆ ಸೇರಿದ್ದು ಅಲ್ಲಿಯೇ. ಮೊಳೆ ಹೊಡೆದ ಟೈರು, ಎರಡು ಪದರದ ಕೈಗವಸು, ಮುಖಕ್ಕೆ ಉಣ್ಣೆಯ ಮುಸುಕು ಅವರಿಗೆ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್, ಜನವರಿಯ ಮುಂಜಾವಿನ ಉಷ್ಣಾಂಶ ಸಾಮಾನ್ಯವಾಗಿ 12ರಿಂದ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ ಅದಕ್ಕೂ ಕೆಳಗಿಳಿಯುತ್ತದೆ. ಅದೇ ದಿನ ಮಧ್ಯಾಹ್ನ 26, 27 ಡಿಗ್ರಿ ಮುಟ್ಟಿ ಜನರು ನೆರಳು ಹುಡುಕುವಂತಾಗುತ್ತದೆ. ಬೆಳಿಗ್ಗೆ ಒಂದು ಋತು, ಮಧ್ಯಾಹ್ನ ಇನ್ನೊಂದು ಋತು ಇರುವ ಇಂಥ ಊರಿನಲ್ಲಿ ಕೆಲಸಕ್ಕೆ ಹೋಗಿ ಬರುವವನು ಎರಡಕ್ಕೂ ಸಿದ್ಧನಾಗಿ ಹೊರಡಬೇಕಾಗುತ್ತದೆ.

ಯಾವ ಹೊತ್ತಿಗೆ ಹೊರಡಬೇಕು

ಮೊದಲು ತೀರ್ಮಾನಿಸಬೇಕಾದದ್ದು ಹೊರಡುವ ಹೊತ್ತು. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಅತ್ಯಂತ ತಡವಾಗಿ ಹುಟ್ಟುವುದು ಆ ದಿನವಲ್ಲ, ಸಂಕ್ರಾಂತಿಯೂ ಕಳೆದ ಮೇಲೆ, ಜನವರಿಯ ಮೂರನೆಯ ವಾರದ ಹೊತ್ತಿಗೆ. ಆಗ ಸೂರ್ಯೋದಯವಾಗುವುದು ಬೆಳಿಗ್ಗೆ ಸುಮಾರು 6 ಗಂಟೆ 45 ನಿಮಿಷಕ್ಕೆ. ಸಂಜೆಯ ಲೆಕ್ಕ ಇದಕ್ಕೆ ತಿರುವುಮುರುವು. ಸೂರ್ಯ ಬಹಳ ಬೇಗ ಮುಳುಗುವುದು ನವೆಂಬರಿನ ಉತ್ತರಾರ್ಧದಲ್ಲಿ, 5 ಗಂಟೆ 50 ನಿಮಿಷದ ಸುಮಾರಿಗೆ. ಇದರ ಅರ್ಥವೆಂದರೆ, ಆರೂವರೆಗೆ ಪಾಳಿಗೆ ಹೊರಡುವ ಕಾರ್ಖಾನೆಯ ಕೆಲಸಗಾರನಿಗೆ ಕತ್ತಲೆಯ ಕಾಟ ಜನವರಿಯಲ್ಲಿ ಹೆಚ್ಚು, ಆರು ಗಂಟೆಗೆ ಕಚೇರಿ ಬಿಡುವ ಗುಮಾಸ್ತನಿಗೆ ನವೆಂಬರಿನಲ್ಲಿ ಹೆಚ್ಚು. ಸಂಕ್ರಾಂತಿಯ ಎಳ್ಳುಬೆಲ್ಲ ತಿಂದೊಡನೆ ಬೆಳಗಿನ ದೀಪವನ್ನು ತೆಗೆದಿಡುವವರು ಈ ಲೆಕ್ಕವನ್ನು ನೆನಪಿಡಬೇಕು.

ಮಂಜಿನ ನಡತೆಯನ್ನೂ ಸ್ವಲ್ಪ ಅರಿತುಕೊಳ್ಳುವುದು ಒಳ್ಳೆಯದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ, ಅದರ ಮೇಲಿನ ತೇವದ ಗಾಳಿಯೂ ತಣಿದು ಸಣ್ಣ ಹನಿಗಳಾಗುತ್ತದೆ. ಹಿರಿಯರು ಕಾವಳ ಎಂದು ಕರೆಯುವುದು ಇದನ್ನೇ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗೆ ಹರಿದು ನಿಲ್ಲುತ್ತದೆ. ಹೀಗಾಗಿ ಕೆರೆಯ ಏರಿಯ ಕೆಳಗೆ, ಹಳ್ಳದ ಸೇತುವೆಯ ಬಳಿ, ಹೊಸದಾಗಿ ನೀರು ಕಟ್ಟಿದ ತೋಟಗಳ ನಡುವೆ ಮಂಜು ದಟ್ಟವಾಗಿದ್ದು ನೂರು ಗಜ ಮುಂದಿನ ದಿಣ್ಣೆಯ ಮೇಲೆ ಬಯಲು ತಿಳಿಯಾಗಿರುವುದುಂಟು. ಮನೆಯ ಮುಂದೆ ತಿಳಿಯಾಗಿದೆಯೆಂದು ದಾರಿಯೆಲ್ಲ ಹಾಗೆಯೇ ಇರುತ್ತದೆಂದು ಭಾವಿಸಬಾರದು.

ಸೂರ್ಯ ಹುಟ್ಟಿದೊಡನೆ ಮಂಜು ಕರಗುತ್ತದೆ ಎಂಬುದು ಸಾಮಾನ್ಯವಾದ ತಪ್ಪು ಎಣಿಕೆ. ಉಷ್ಣಾಂಶ ಅತಿ ಕೆಳಗಿರುವುದು ಸೂರ್ಯೋದಯದ ಆಸುಪಾಸಿನಲ್ಲಿಯೇ. ಮೊದಲ ಬಿಸಿಲು ತಾಕಿ ಗಾಳಿ ಸ್ವಲ್ಪ ಅಲುಗಾಡಿದಾಗ ನೆಲಕ್ಕಂಟಿಕೊಂಡಿದ್ದ ಮಂಜು ಮೇಲೆದ್ದು ಕಣ್ಣಿನ ಮಟ್ಟಕ್ಕೆ ಬರುವುದರಿಂದ, ಆರು ಗಂಟೆಗೆ ಕಾಣುತ್ತಿದ್ದ ಹುಣಸೆಮರ ಏಳು ಗಂಟೆಗೆ ಕಾಣದಿರುವುದು ಅಪರೂಪವೇನಲ್ಲ. ಹತ್ತು ಗಂಟೆಯ ಕಚೇರಿಯವರು ಎಂಟೂವರೆಯವರೆಗೆ ಕಾದರೆ ಮುಕ್ಕಾಲು ಪಾಲು ತೊಂದರೆ ತಾನಾಗಿಯೇ ಕಳೆಯುತ್ತದೆ. ಪಾಳಿಯ ಕೆಲಸದವರಿಗೆ ಈ ಸೌಕರ್ಯವಿಲ್ಲ. ಅವರು ಎಂದಿಗಿಂತ ಹದಿನೈದು ನಿಮಿಷ ಮೊದಲೇ ಹೊರಟು ನಿಧಾನವಾಗಿ ಹೋಗುವುದೊಂದೇ ದಾರಿ.

ಹೊರಡಬೇಕೋ ಬೇಡವೋ ಎಂದು ನಿರ್ಧರಿಸಲು ನಾನು ಬಳಸುವ ಅಳತೆ ವಿದ್ಯುತ್ ಕಂಬಗಳು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 50 ಮೀಟರಿಗಿಂತ ಆಚೆ ಕಾಣದಿದ್ದರೆ ಅದು ಅತಿ ದಟ್ಟ ಮಂಜು. ನನ್ನ ದಾರಿಯ ಕಂಬಗಳ ನಡುವಿನ ಅಂತರವೂ ಹೆಜ್ಜೆ ಹಾಕಿ ಅಳೆದರೆ ಹೆಚ್ಚುಕಡಿಮೆ ಅಷ್ಟೇ ಇದೆ. ಒಂದು ಕಂಬದ ಬಳಿ ನಿಂತಾಗ ಮೂರನೆಯದು ಕಾಣುತ್ತಿದ್ದರೆ ಹೊರಡುತ್ತೇನೆ. ಎರಡನೆಯದು ಮಾತ್ರ ಕಾಣುತ್ತಿದ್ದರೆ ಹಳ್ಳಿಯ ಒಳರಸ್ತೆಯಲ್ಲಿ ಮಾತ್ರ ಹೋಗಿ ದೊಡ್ಡ ರಸ್ತೆಗೆ ಇಳಿಯುವ ಮುನ್ನ ಕಾಯುತ್ತೇನೆ. ಪಕ್ಕದ ಕಂಬವೇ ಕಾಣದಿದ್ದರೆ ಟೀ ಅಂಗಡಿಯಲ್ಲಿ ಕುಳಿತು ಇನ್ನೊಂದು ಲೋಟ ಟೀ ಹೇಳುತ್ತೇನೆ. ನಿಮ್ಮ ದಾರಿಯ ಕಂಬಗಳನ್ನು ಒಮ್ಮೆ ಅಳೆದಿಟ್ಟುಕೊಂಡರೆ ಪ್ರತಿದಿನದ ಅನುಮಾನ ತಪ್ಪುತ್ತದೆ.

ಬೇರೆಯವರ ಕಣ್ಣಿಗೆ ಬೀಳುವುದು

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು ಕಂಡು, ಬ್ರೇಕಿನ ಮೇಲೆ ಕಾಲಿಟ್ಟು, ಗಾಡಿ ನಿಲ್ಲುವ ಹೊತ್ತಿಗೆ ಅದು ಒಣ ರಸ್ತೆಯಲ್ಲೂ 40 ಮೀಟರ್ ದಾಟಿರುತ್ತದೆ. ಮಂಜಿನಲ್ಲಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ ಅವನು ಎಷ್ಟೇ ಒಳ್ಳೆಯ ಚಾಲಕನಾಗಿದ್ದರೂ ನಿಮ್ಮ ಹಿಂದೆ ನಿಲ್ಲಲಾರ. ಆದ್ದರಿಂದ ದೀಪಕ್ಕೆ ಖರ್ಚು ಮಾಡಲು ನಿಮ್ಮ ಬಳಿ ಒಂದೇ ದೀಪದ ಹಣವಿದ್ದರೆ ಅದನ್ನು ಹಿಂದಿನ ಕೆಂಪು ದೀಪಕ್ಕೆ ಹಾಕಿ. ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ ಮಾಡುತ್ತಾರೆ: ಮುಂದೆ ಜೋರಾದ ಟಾರ್ಚು ಕಟ್ಟಿಕೊಂಡು ಹಿಂದೆ ಅಂಗಡಿಯಿಂದ ಬಂದಾಗ ಇದ್ದ ಧೂಳು ಹಿಡಿದ ಪ್ಲಾಸ್ಟಿಕ್ ರಿಫ್ಲೆಕ್ಟರನ್ನೇ ನಂಬಿರುತ್ತಾರೆ. ರಿಫ್ಲೆಕ್ಟರು ಬೇಕು, ಅದನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಲೂ ಬೇಕು; ಆದರೆ ಅದು ತಾನಾಗಿ ಬೆಳಗುವುದಿಲ್ಲ, ಬೇರೆಯವರ ಬೆಳಕು ಅದರ ಮೇಲೆ ಬಿದ್ದಾಗ ಮಾತ್ರ ಹೊಳೆಯುತ್ತದೆ. ಹೆಡ್‌ಲೈಟ್ ಹಾಕದೆ ಬರುವ ದ್ವಿಚಕ್ರವಾಹನಕ್ಕೆ ನಿಮ್ಮ ರಿಫ್ಲೆಕ್ಟರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಿಂದಿನ ದೀಪವನ್ನು ಸೀಟಿನ ಕೆಳಗಿನ ಕೊಳವೆಗೋ ಕ್ಯಾರಿಯರಿನ ತುದಿಗೋ ಕಟ್ಟಿ, ನಿಮ್ಮ ಚೀಲ, ಜರ್ಕಿನ್ನಿನ ಅಂಚು ಅಥವಾ ಊಟದ ಡಬ್ಬಿ ಅದಕ್ಕೆ ಅಡ್ಡ ಬರುವುದಿಲ್ಲವೆಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಮಿಣುಕುವ ದೀಪ ಬೇಗ ಗಮನ ಸೆಳೆಯುತ್ತದೆ, ಆದರೆ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗದಂತೆಯೂ ಮಾಡುತ್ತದೆ. ಆದ್ದರಿಂದ ಸಾಧ್ಯವಾದವರು ಒಂದು ಸ್ಥಿರ ದೀಪವನ್ನೂ ಒಂದು ಮಿಣುಕುವ ದೀಪವನ್ನೂ ಇಟ್ಟುಕೊಳ್ಳಬಹುದು. ಮುಂದಿನ ದೀಪವನ್ನು ಮಂಜಿನಲ್ಲಿ ನೆಲದ ಕಡೆ ತಗ್ಗಿಸಬೇಕು. ನೇರವಾಗಿ ಹಿಡಿದರೆ ಬೆಳಕು ಹನಿಗಳ ಮೇಲೆ ಬಿದ್ದು ನಿಮ್ಮ ಕಣ್ಣಿಗೇ ಮರಳಿ, ಎದುರಿಗೆ ಬಿಳಿಯ ಗೋಡೆ ಎದ್ದಂತೆ ಕಾಣುತ್ತದೆ. ಹಳೆಯ ಡೈನಮೋ ಇರುವವರು ಅದನ್ನು ಕಿತ್ತುಹಾಕಬೇಕಿಲ್ಲ, ಆದರೆ ಸೈಕಲ್ ನಿಂತಾಗ ಆರಿಹೋಗುವ ದೀಪದೊಂದಿಗೆ ವೃತ್ತದ ನಡುವೆ ನಿಲ್ಲುವುದು ಅಪಾಯವೆಂಬುದನ್ನು ಮರೆಯಬಾರದು.

ಸ್ವೆಟರ್ ಯಾವ ಬಣ್ಣದ್ದಾದರೂ ಇರಲಿ, ಅದರ ಮೇಲೆ ರಸ್ತೆ ಕೆಲಸದವರು ತೊಡುವಂಥ, ಬೆಳ್ಳಿ ಪಟ್ಟಿಯಿರುವ ತೆಳುವಾದ ಜಾಕೆಟ್ಟೊಂದನ್ನು ಹಾಕಿಕೊಳ್ಳಿ. ಹೊಳೆಯುವ ಪಟ್ಟಿಯನ್ನು ಕಣಕಾಲಿಗೆ ಸುತ್ತಿಕೊಂಡರೆ ಇನ್ನೂ ಒಳ್ಳೆಯದು. ಮೇಲೆ ಕೆಳಗೆ ಆಡುವ ಎರಡು ಹೊಳಪುಗಳನ್ನು ಕಂಡೊಡನೆ ಇದು ಸೈಕಲ್ಲೆಂದು ಹಿಂದಿನವನಿಗೆ ಗೊತ್ತಾಗುತ್ತದೆ, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರ ಮುಖ್ಯ ಪಥದ ಮೇಲೆ ಮಂಜಿನ ಹೊತ್ತಿನಲ್ಲಿ ಸೈಕಲ್ ಹತ್ತಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವಿಸ್ ರಸ್ತೆ ಇರುವಲ್ಲಿ ಅದರಲ್ಲಿ ಹೋಗಿ, ಇಲ್ಲದ ಕಡೆ ಒಂದೆರಡು ಕಿಲೋಮೀಟರ್ ಸುತ್ತಾದರೂ ಹಳ್ಳಿಗಳ ಒಳದಾರಿ ಹಿಡಿಯಿರಿ. ಇನ್ನೊಂದು ಮಾತು ಶನಿವಾರ ಕೆಲಸವಿರುವವರಿಗೆ. ಚಳಿಗಾಲದ ಶನಿವಾರ, ಭಾನುವಾರಗಳಂದು ನಂದಿಬೆಟ್ಟದ ಮೇಲೆ ಸೂರ್ಯೋದಯವನ್ನೂ ಮೋಡದ ಕಡಲನ್ನೂ ನೋಡಲು ಬೆಂಗಳೂರಿನಿಂದ ನೂರಾರು ಕಾರುಗಳೂ ಬೈಕುಗಳೂ ನಸುಕಿನಲ್ಲೇ ಹೊರಡುತ್ತವೆ. 1,478 ಮೀಟರ್ ಎತ್ತರದ ಬೆಟ್ಟದ ತುದಿಯನ್ನು ಸೂರ್ಯನಿಗಿಂತ ಮೊದಲು ತಲುಪುವ ಆತುರದಲ್ಲಿರುವವರಿಗೆ ಟಿಫನ್ ಡಬ್ಬಿ ಕಟ್ಟಿಕೊಂಡು ಪಕ್ಕದಲ್ಲಿ ಸಾಗುವ ಸೈಕಲ್ಲಿನವನು ಕಣ್ಣಿಗೆ ಬೀಳುತ್ತಾನೆಂದು ನಾನು ನಂಬುವುದಿಲ್ಲ. ಆ ಎರಡು ದಿನ ನಂದಿ ಕಡೆಯ ರಸ್ತೆಯನ್ನು ಏಳೂವರೆಯ ಮೊದಲು ಬಳಸದಿರುವುದೇ ಲೇಸು.

ಬಟ್ಟೆ: ಹೊರಡುವಾಗ ಸ್ವಲ್ಪ ಚಳಿಯಾಗಬೇಕು

ಬಾಗಿಲ ಬಳಿ ನಿಂತಾಗ ಬೆಚ್ಚಗಿದ್ದರೆ ಎರಡನೆಯ ಕಿಲೋಮೀಟರಿಗೆ ನೀವು ಬೆವರುತ್ತೀರಿ, ಆರನೆಯ ಕಿಲೋಮೀಟರಿಗೆ ಆ ಬೆವರೇ ಬೆನ್ನಿನ ಮೇಲೆ ತಣ್ಣಗಾಗಿ ನಡುಗಿಸುತ್ತದೆ. ನೆಗಡಿ ಹಿಡಿದದ್ದು ಚಳಿಗೆ ಎಂದು ಮನೆಯವರು ಬೈದು ಮರುದಿನ ಇನ್ನೊಂದು ಸ್ವೆಟರ್ ಹೊದಿಸುತ್ತಾರೆ, ಬೆವರು ಇನ್ನಷ್ಟಾಗುತ್ತದೆ. ಹೊರಟ ಮೊದಲ ಐದಾರು ನಿಮಿಷ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆ ತೊಟ್ಟಿರಬೇಕೆಂಬುದು ಸರಿಯಾದ ಅಳತೆ. ತುಳಿಯುವ ಕಾಲುಗಳೇ ಒಲೆಯಾಗಿ ಮೈಯನ್ನು ಕಾಯಿಸುತ್ತವೆ.

ಒಳಗಿನ ಬನಿಯನ್ನು ಹತ್ತಿಯದಾದರೆ ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಆಟದವರು ತೊಡುವ ಪಾಲಿಯೆಸ್ಟರ್ ಟೀ ಶರ್ಟು ಬೇಗ ಒಣಗುತ್ತದೆ, ತೆಳುವಾದ ಉಣ್ಣೆಯದು ಸಿಕ್ಕರೆ ಅದಕ್ಕಿಂತಲೂ ಉತ್ತಮ. ಅದರ ಮೇಲೆ ಒಂದು ಸಾಧಾರಣ ಸ್ವೆಟರ್ ಸಾಕು. ಆದರೆ ಗಂಟೆಗೆ 18, 20 ಕಿಲೋಮೀಟರ್ ವೇಗದಲ್ಲಿ ಹೋಗುವವನು ಗಾಳಿಯಿಲ್ಲದ ದಿನವೂ ಅಷ್ಟೇ ವೇಗದ ಗಾಳಿಯನ್ನು ಎದೆಗೆ ತಂದುಕೊಳ್ಳುತ್ತಾನೆ, ಮತ್ತು ಹೆಣೆದ ಸ್ವೆಟರಿನ ಕಣ್ಣುಗಳಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ಎದೆಯ ಭಾಗಕ್ಕೆ ಗಾಳಿ ತಡೆಯುವ ತೆಳುವಾದ ಜರ್ಕಿನ್ ಇರಬೇಕು. ಅದಿಲ್ಲದಿದ್ದರೆ ಹಳೆಯ ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ಮಡಿಸಿ ಸ್ವೆಟರಿನ ಒಳಗೆ ಎದೆಗೆ ಆನಿಸಿಕೊಂಡರೆ ಅಷ್ಟೇ ಕೆಲಸ ನಡೆಯುತ್ತದೆ. ಊರು ತಲುಪಿದ ಮೇಲೆ ತೆಗೆದು ಸೀಟನ್ನು ಒರೆಸಬಹುದು. ಕಂಬಳಿಗಿಂತ ಬೆಚ್ಚನೆಯದು ನಮ್ಮ ಸೀಮೆಯಲ್ಲಿ ಬೇರೆ ಇಲ್ಲ, ಆದರೆ ಹೊದ್ದುಕೊಂಡು ಸೈಕಲ್ ತುಳಿಯಬಾರದು. ಕಂಬಳಿ, ಶಾಲು, ದುಪ್ಪಟ್ಟ, ಉದ್ದನೆಯ ಮಫ್ಲರು ಇವೆಲ್ಲ ಜಾರಿ ಹಿಂಗಾಲಿಯ ಕಡ್ಡಿಗಳಿಗೆ ಸಿಕ್ಕಿದರೆ ಕುತ್ತಿಗೆಗೆ ಉರುಳಾಗುತ್ತವೆ. ಹೆಣ್ಣುಮಕ್ಕಳು ದುಪ್ಪಟ್ಟವನ್ನು ಹಿಂದಕ್ಕೆ ಗಂಟು ಹಾಕುವ ಬದಲು ಮಡಿಸಿ ಚೀಲದಲ್ಲಿಡುವುದು ಕ್ಷೇಮ.

ಮಂಕಿ ಕ್ಯಾಪಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅದು ಕಿವಿಯನ್ನು ಬೆಚ್ಚಗಿಡುತ್ತದೆಯಾದರೂ ಹಿಂದಿನಿಂದ ಬರುವ ಗಾಡಿಯ ಸದ್ದನ್ನು ಮಂಕಾಗಿಸುತ್ತದೆ, ತಲೆ ತಿರುಗಿಸಿದಾಗ ಒಂದು ಕಣ್ಣಿಗೆ ಅಡ್ಡ ಬರುತ್ತದೆ, ದಪ್ಪ ಉಣ್ಣೆಯದಾದರೆ ಅದರ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕಿವಿಗಷ್ಟೇ ಸುತ್ತುವ ತೆಳುವಾದ ಪಟ್ಟಿಯನ್ನು ಹೆಲ್ಮೆಟ್ಟಿನ ಒಳಗೆ ಹಾಕಿಕೊಂಡರೆ ಕೆಲಸವಾಗುತ್ತದೆ. ಕೈಗೆ ಗವಸು ಅಗತ್ಯ, ಏಕೆಂದರೆ ಮರಗಟ್ಟಿದ ಬೆರಳುಗಳು ಬ್ರೇಕನ್ನು ತಡವಾಗಿ ಹಿಡಿಯುತ್ತವೆ. ಕಣ್ಣಿಗೆ ಬಿಳಿ ಗಾಜಿನ ಕನ್ನಡಕವಿದ್ದರೆ ತಣ್ಣನೆಯ ಗಾಳಿಗೆ ನೀರು ಸುರಿಯುವುದಿಲ್ಲ. ಮೂಗಿನವರೆಗೆ ಬಟ್ಟೆ ಮುಚ್ಚಿಕೊಂಡರೆ ಉಸಿರಿನ ಹಬೆ ಆ ಗಾಜಿಗೇ ಏರುತ್ತದೆಯಾದ್ದರಿಂದ ಮುಸುಕನ್ನು ಮೂಗಿನ ಕೆಳಗೆ ಇಳಿಸಿಕೊಳ್ಳಿ. ಕಚೇರಿಯ ಕಪಾಟಿನಲ್ಲಿ ಒಂದು ಇಸ್ತ್ರಿ ಮಾಡಿದ ಶರ್ಟು, ಒಂದು ಟವೆಲು ಇಟ್ಟಿರಿ. ಮಧ್ಯಾಹ್ನದ ಬಿಸಿಲಿಗೆ ಸ್ವೆಟರನ್ನು ಎಲ್ಲಿ ಇಡುವುದೆಂಬ ಪ್ರಶ್ನೆಗೆ ಕ್ಯಾರಿಯರಿಗೆ ಕಟ್ಟುವ ರಬ್ಬರ್ ಪಟ್ಟಿಯೇ ಉತ್ತರ.

ರಸ್ತೆಯ ಮೇಲಿನ ಕಣ

ಬೇರೆ ಊರಿನವರಿಗೆ ಹೇಳಿದರೆ ನಂಬದಿರುವ ಅಪಾಯವೊಂದು ನಮ್ಮ ಚಳಿಗಾಲದಲ್ಲಿದೆ. ನವೆಂಬರಿನಿಂದ ಜನವರಿಯವರೆಗೆ ಕೊಯ್ದ ರಾಗಿಯನ್ನು, ಅದರ ಬೆನ್ನಿಗೆ ಹುರುಳಿ ಮತ್ತು ತೊಗರಿಯನ್ನು, ಡಾಂಬರು ರಸ್ತೆಯ ಮೇಲೆ ಹರಡಿ ಹೋಗಿ ಬರುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವ ರೂಢಿ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರು ಕಡೆಯೂ ಇದೆ. ಸಗಣಿ ಸಾರಿಸಿ ಕಣ ಮಾಡಲು ಆಳು ಸಿಗದ, ರೋಣಗಲ್ಲು ಎಳೆಯಲು ಮನೆಯಲ್ಲಿ ಎತ್ತಿಲ್ಲದ ರೈತನನ್ನು ಇದಕ್ಕಾಗಿ ಬೈಯುವುದು ಸುಲಭ. ಅವನ ಕಷ್ಟ ಅವನದು. ಆದರೆ ಲಾರಿಗೆ ಏನೂ ಅನಿಸದ ಆ ಹಾಸು ಎರಡು ಅಂಗುಲದ ಟೈರಿಗೆ ಎಣ್ಣೆ ಸುರಿದ ನೆಲವಿದ್ದಂತೆ. ಒಣ ಹುಲ್ಲು ಚಕ್ರದೊಡನೆ ಜಾರುತ್ತದೆ, ಇಬ್ಬನಿಯಲ್ಲಿ ನೆನೆದದ್ದು ಇನ್ನೂ ಹೆಚ್ಚು ಜಾರುತ್ತದೆ, ಹುರುಳಿಯ ಕಾಳುಗಳಂತೂ ಬೇರಿಂಗಿನ ಗೋಲಿಗಳಂತೆ ಉರುಳುತ್ತವೆ. ನಾನು ಬಿದ್ದದ್ದೂ ಹುರುಳಿಯ ಮೇಲೆಯೇ. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದೆ, ಚಕ್ರ ಪಕ್ಕಕ್ಕೆ ಹೋಯಿತು, ಮೊಣಕೈ ತರಚಿತು. ಹೊಲದಿಂದ ಓಡಿಬಂದ ಅಜ್ಜಿ ನನ್ನನ್ನು ಎಬ್ಬಿಸಿ ಕೂರಿಸಿದ ಮೇಲೆ ಚೆಲ್ಲಿದ ಕಾಳನ್ನು ಮತ್ತೆ ಗುಡಿಸಿಕೊಂಡರು.

ಹಾಸು ದೂರದಿಂದ ಕಂಡೊಡನೆ ವೇಗ ಇಳಿಸಿಬಿಡಬೇಕು. ಅದರ ಮೇಲೆ ಹೋದ ನಂತರ ಬ್ರೇಕು ಹಿಡಿಯಬಾರದು, ಹ್ಯಾಂಡಲು ತಿರುಗಿಸಬಾರದು, ಜೋರಾಗಿ ತುಳಿಯಲೂಬಾರದು. ನೇರವಾಗಿ, ಸೀಟಿನಲ್ಲಿ ಕುಳಿತೇ ಹಗುರವಾಗಿ ಸಾಗಿ ದಾಟಬೇಕು. ಹಾಸು ದಪ್ಪವಾಗಿದ್ದರೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ, ಏಕೆಂದರೆ ಉದ್ದನೆಯ ಹುಲ್ಲು ಫ್ರೀವೀಲಿಗೂ ಚೈನಿಗೂ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಹಿಡಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಹಾಸಿನ ಅಂಚಿಗೆ ಇಡುವ ಕಲ್ಲುಗಳು. ವಾಹನಗಳು ಕಾಳಿನ ರಾಶಿಯ ಮೇಲೆ ಹೋಗದಿರಲೆಂದು ಸಂಜೆ ಇಟ್ಟ ಸೈಜುಗಲ್ಲುಗಳು ರಾಶಿ ತೆಗೆದ ಮೇಲೂ ಕೆಲವು ದಿನ ಅಲ್ಲೇ ಉಳಿದಿರುತ್ತವೆ, ಮಂಜಿನಲ್ಲಿ ಕಾಣುವುದಿಲ್ಲ. ನಿಮ್ಮ ದಾರಿಯಲ್ಲಿ ಎಲ್ಲೆಲ್ಲಿ ಒಕ್ಕಣೆ ನಡೆಯುತ್ತಿದೆ ಎಂಬುದನ್ನು ಸಂಜೆ ಬೆಳಕಿರುವಾಗಲೇ ಗಮನಿಸಿಟ್ಟುಕೊಂಡರೆ ಬೆಳಿಗ್ಗೆ ಅನುಕೂಲ.

ಇದೇ ಕಾಲದಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳು ಹಿಂದಿನ ದೀಪವಿಲ್ಲದೆ ಓಡಾಡುತ್ತವೆ, ಕೆಲವೊಮ್ಮೆ ರಸ್ತೆಯ ಬದಿಯಲ್ಲೇ ನಿಂತಿರುತ್ತವೆ. ಮಂಜಿನಲ್ಲಿ ಎಡ ಅಂಚನ್ನೇ ನಂಬಿ ತಲೆ ತಗ್ಗಿಸಿ ತುಳಿಯುವವನು ಮೊದಲು ಮುಟ್ಟುವುದು ಅದರ ಹಿಂಬಾಗಿಲನ್ನು. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕುಗಳೂ, ಹೂವಿನ ಮೂಟೆಗಳನ್ನು ಹೇರಿ ಮಾರುಕಟ್ಟೆಗೆ ಧಾವಿಸುವ ಆಟೋಗಳೂ ಇದೇ ಹೊತ್ತಿನವು. ಅವರಿಗೆ ಹೊತ್ತು ಮೀರಿದರೆ ನಷ್ಟ, ಆದ್ದರಿಂದ ದಾರಿ ಬಿಟ್ಟುಕೊಡಿ. ರೈಲ್ವೆ ಗೇಟಿನಲ್ಲಿ ಇಬ್ಬನಿಯಿಂದ ಒದ್ದೆಯಾದ ಹಳಿಗಳನ್ನು ಓರೆಯಾಗಿ ದಾಟದೆ ನೇರ ಅಡ್ಡಲಾಗಿ ದಾಟಬೇಕು. ಬೂದಿಯ ಗುಡ್ಡೆಯಲ್ಲಿ ಮಲಗಿದ್ದ ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿದು ಓಡುವ ಬದಲು ಇಳಿದು ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಹಿಡಿದುಕೊಂಡು ನಡೆಯಿರಿ. ಸಾಮಾನ್ಯವಾಗಿ ಅದರ ಆಸಕ್ತಿ ಅಲ್ಲಿಗೇ ಮುಗಿಯುತ್ತದೆ.

ಸೈಕಲ್ಲಿನ ಆರೈಕೆ

ಮಧ್ಯಾಹ್ನ ತುಂಬಿಸಿದ ಗಾಳಿ ಬೆಳಿಗ್ಗೆ ಕಡಿಮೆಯಾಗಿದ್ದರೆ ಅದು ಪಂಚರೇ ಆಗಿರಬೇಕಿಲ್ಲ. 30 ಡಿಗ್ರಿಯಲ್ಲಿ 50 ಪೌಂಡ್ ಒತ್ತಡವಿದ್ದ ಟೈರಿನಲ್ಲಿ 12 ಡಿಗ್ರಿಯ ಹೊತ್ತಿಗೆ ಸುಮಾರು 46 ಮಾತ್ರ ಉಳಿಯುತ್ತದೆ, ತಣ್ಣಗಾದ ಗಾಳಿ ಕುಗ್ಗುತ್ತದೆಂಬುದಷ್ಟೇ ಅದರ ಕಾರಣ. ಆದ್ದರಿಂದ ಗಾಳಿಯನ್ನು ಬೆಳಿಗ್ಗೆ ಹೊರಡುವ ಮುನ್ನವೇ ಹೆಬ್ಬೆರಳಿನಿಂದ ಒತ್ತಿ ನೋಡಿ, ಕಡಿಮೆಯೆನಿಸಿದರೆ ಕೈಪಂಪಿನಿಂದ ತುಂಬಿಸಿ. ಹಳೆಯ ಮಾದರಿಯ ವಾಲ್‌ಟ್ಯೂಬ್ ಇರುವ ಸೈಕಲ್ಲಿನಲ್ಲಿ ಆ ಸಣ್ಣ ರಬ್ಬರು ಕೊಳವೆ ಗಡುಸಾಗಿ ಸೀಳಿದರೆ ರಾತ್ರಿ ಬೆಳಗಾಗುವುದರೊಳಗೆ ಗಾಳಿಯೆಲ್ಲ ಹೋಗುತ್ತದೆ. ಸೈಕಲ್ ಶಾಪಿನಲ್ಲಿ ತೀರ ಅಗ್ಗಕ್ಕೆ ಸಿಗುವ ಅದನ್ನು ಚಳಿಗಾಲದ ಆರಂಭದಲ್ಲೇ ಬದಲಿಸಿ, ಒಂದೆರಡು ತುಂಡು ಜೇಬಿನಲ್ಲೂ ಇರಲಿ.

ಪಂಚರಿನ ಕಾಲವೂ ಇದೇ. ಮಳೆಗಾಲದಲ್ಲಿ ರಸ್ತೆಯ ಬದಿಗೆ ಹಬ್ಬಿದ ನೆಗ್ಗಿಲು ಈಗ ಒಣಗಿ, ಅದರ ಕಾಯಿಗಳು ಒಡೆದು ಮುಳ್ಳಾಗಿ ಕಾಲುದಾರಿಗಳ ಅಂಚಿನಲ್ಲಿ ಉದುರಿರುತ್ತವೆ. ಹೊಲಕ್ಕೆ ಬೇಲಿ ಹಾಕಲು ಜಾಲಿಮುಳ್ಳು ಕಡಿದು ಎಳೆದುಕೊಂಡು ಹೋದ ಗುರುತೂ ದಾರಿಯುದ್ದಕ್ಕೂ ಇರುತ್ತದೆ. ಎದುರು ಗಾಡಿಗೆ ದಾರಿ ಬಿಡಲು ಮಣ್ಣಿಗೆ ಇಳಿದ ಪ್ರತಿ ಸಲವೂ ನಿಲ್ಲಿಸಿ ಟೈರನ್ನು ಒಂದು ಸುತ್ತು ತಿರುಗಿಸಿ ನೋಡುವುದು ಅತಿಯಾದ ಜಾಗ್ರತೆಯೆನಿಸಬಹುದು, ಆದರೆ ಟೈರಿಗೆ ಅಂಟಿದ ಮುಳ್ಳು ಟ್ಯೂಬನ್ನು ಮುಟ್ಟಲು ಎಷ್ಟೋ ಸಲ ಇನ್ನೂ ನೂರಾರು ಸುತ್ತು ಬೇಕಾಗುತ್ತದೆ. ಬೆಳಿಗ್ಗೆ ಏಳಕ್ಕೆ ಪಂಚರ್ ಅಂಗಡಿ ತೆರೆದಿರುವುದಿಲ್ಲವಾದ್ದರಿಂದ ಬದಲಿ ಟ್ಯೂಬು, ಟೈರು ಬಿಚ್ಚುವ ಎರಡು ಪಟ್ಟಿ, ನಟ್ಟಿನ ಅಳತೆಯ ಸ್ಪ್ಯಾನರು, ಪಂಪು ಜೊತೆಯಲ್ಲಿರಬೇಕು. ತೂತು ಹುಡುಕಿ ಪ್ಯಾಚು ಹಾಕುವ ಕೆಲಸವನ್ನು ಸಂಜೆ ಮನೆಯಲ್ಲಿ, ಬಕೆಟ್ಟಿನ ನೀರಿನಲ್ಲಿ ನಿಧಾನವಾಗಿ ಮಾಡಿಕೊಳ್ಳಬಹುದು.

ಬ್ರೇಕಿನ ವಿಷಯದಲ್ಲಿ ಸ್ಟೀಲ್ ರಿಮ್ಮಿನವರು ವಿಶೇಷವಾಗಿ ಎಚ್ಚರದಿಂದಿರಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡು ತಡಮಾಡಿ ಬ್ರೇಕು ಹಿಡಿದರೆ ಒಣ ರಿಮ್ಮಿನಲ್ಲಿ ಸುಮಾರು 11 ಮೀಟರಿಗೆ ನಿಲ್ಲಬಹುದು. ಇಬ್ಬನಿ ಕುಳಿತು ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುವುದರಿಂದ, ಬ್ರೇಕು ಹಿಡಿದ ಮೇಲೆ ಸಾಗುವ ದೂರ ಎರಡು ಪಟ್ಟಿಗೂ ಮೀರುತ್ತದೆ. ವೇಗವನ್ನು 12ಕ್ಕೆ ಇಳಿಸಿದರೆ ಒಣ ರಿಮ್ಮಿನಲ್ಲಿ ಐದಾರು ಮೀಟರ್ ಸಾಕು, ಒದ್ದೆಯಾಗಿದ್ದರೂ ಹತ್ತು ಮೀಟರಿನೊಳಗೆ ನಿಲ್ಲುವ ಅವಕಾಶವಿರುತ್ತದೆ. ಹೊರಡುವಾಗ ರಿಮ್ಮನ್ನು ಒಣ ಬಟ್ಟೆಯಿಂದ ಒರೆಸಿ, ತಿರುವು ಬರುವ ಮುನ್ನ ಬ್ರೇಕನ್ನು ಹಗುರವಾಗಿ ಒಂದೆರಡು ಸಲ ತಾಗಿಸಿ ನೀರನ್ನು ಒರೆಸಿಹಾಕಿ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಈ ತೊಂದರೆ ಕಡಿಮೆ, ಡಿಸ್ಕ್ ಬ್ರೇಕಿನಲ್ಲಿ ಇನ್ನೂ ಕಡಿಮೆ. ಆದರೆ ಇದೊಂದಕ್ಕಾಗಿ ಹೊಸ ಸೈಕಲ್ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ರಾತ್ರಿ ಸೈಕಲ್ಲನ್ನು ಬಯಲಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಮಳೆಯಲ್ಲಿ ನೆಂದಂತಾಗುತ್ತದೆ, ಚೈನಿಗೆ ತುಕ್ಕು ಹಿಡಿಯುತ್ತದೆ. ಸೂರಿನ ಕೆಳಗೆ ತಂದಿಡಿ. ಚೈನಿಗೆ ವಾರಕ್ಕೊಮ್ಮೆ ಹೊಲಿಗೆಯಂತ್ರದ ಎಣ್ಣೆಯಂಥ ತೆಳುವಾದ ಎಣ್ಣೆಯನ್ನು ಬಿಟ್ಟು, ಹತ್ತು ಸುತ್ತು ತಿರುಗಿಸಿ, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಗ್ಯಾರೇಜಿನಿಂದ ತಂದ ಕರಿ ಎಣ್ಣೆ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ರಾಗಿ ಒಕ್ಕಣೆಯ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು ಹಲ್ಲುಚಕ್ರಗಳನ್ನು ತೇಯುತ್ತದೆ. ಮಡ್‌ಗಾರ್ಡನ್ನು ತೂಕವೆಂದು ತೆಗೆಸಬೇಡಿ. ಹಿಂಗಾರು ಮಳೆಯ ಬಾಲ ನವೆಂಬರಿನಲ್ಲೂ ಇರುತ್ತದೆ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಮೂರು ದಿನದ ಜಡಿಮಳೆ ಬರುತ್ತದೆ. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದು ರಸ್ತೆಗಳೇ ಕಾಲುವೆಗಳಾಗಿದ್ದವು. ಹರಿಯುವ ನೀರಿನಲ್ಲಿ ಸೈಕಲ್ ಇಳಿಸುವುದಿರಲಿ, ನಡೆಯಲೂಬಾರದು.

ಮೈಯ ಬಗ್ಗೆ ಎರಡು ಮಾತು ಸಾಕು. ಖಾಲಿ ಹೊಟ್ಟೆಯಲ್ಲಿ ಹೊರಡದೆ ಒಂದು ಲೋಟ ಬಿಸಿ ರಾಗಿ ಅಂಬಲಿಯನ್ನೋ ಎರಡು ಬಾಳೆಹಣ್ಣನ್ನೋ ತೆಗೆದುಕೊಳ್ಳಿ, ಬಾಯಾರಿಕೆ ಅನಿಸದಿದ್ದರೂ ಕಚೇರಿ ತಲುಪಿದೊಡನೆ ನೀರು ಕುಡಿಯಿರಿ. ಉಬ್ಬಸವಿರುವವರಿಗೆ ತಣ್ಣನೆಯ ಒಣ ಗಾಳಿಯಲ್ಲಿ ಏದುಸಿರು ಬಿಡುವುದು ತೊಂದರೆ ಕೊಡಬಹುದಾದ್ದರಿಂದ ಅವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು, ಮೊದಲ ಹತ್ತು ನಿಮಿಷ ಮೂಗಿನಲ್ಲೇ ಉಸಿರಾಡಲು ಆಗುವಷ್ಟು ನಿಧಾನವಾಗಿ ತುಳಿಯಬೇಕು, ಎಲೆ ಕಸ ಸುಡುವ ಹೊಗೆ ಕಂಡರೆ ದಾರಿ ಬದಲಿಸಬೇಕು.

ಮರಳುವ ಹೊತ್ತು

ಸಂಜೆಯ ಅಪಾಯವನ್ನು ಜನರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಚಳಿಗಾಲದಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲದೆ ನೈಋತ್ಯದ ಕಡೆಗೆ ವಾಲಿ ಮುಳುಗುತ್ತಾನೆ. ಚಿಕ್ಕಬಳ್ಳಾಪುರದಿಂದ ನಂದಿ, ಮುದ್ದೇನಹಳ್ಳಿಯ ಕಡೆಗೆ ಐದೂಕಾಲಕ್ಕೆ ಹೊರಟವನ ಮುಖಕ್ಕೆ ಬಿಸಿಲು ನೇರವಾಗಿ ಹೊಡೆಯುತ್ತದೆ, ಅವನ ಹಿಂದೆ ಬರುವ ಚಾಲಕನಿಗೂ ಹಾಗೆಯೇ. ಆ ಅರ್ಧ ಗಂಟೆ ನೀವು ಹಗಲಿನಲ್ಲಿದ್ದರೂ ಅವನ ಪಾಲಿಗೆ ಮಂಜಿನಲ್ಲಿದ್ದಂತೆಯೇ. ಹಿಂದಿನ ದೀಪವನ್ನು ಆಗಲೂ ಹಚ್ಚಿರಿ, ಟೋಪಿಯ ಅಂಚು ತಗ್ಗಿಸಿ, ಸಾಧ್ಯವಾದರೆ ಕಾಲು ಗಂಟೆ ತಡಮಾಡಿ ಹೊರಡಿ. ತಡಮಾಡುವ ಆ ಹೊತ್ತಿಗೆ ಅವರೆಕಾಯಿ ಕೊಂಡು ಚೀಲ ತುಂಬಿಸಿಕೊಳ್ಳುವ ಕೆಲಸವಂತೂ ಎಲ್ಲರಿಗೂ ಇದ್ದೇ ಇರುತ್ತದೆ. ಚೀಲವನ್ನು ಹ್ಯಾಂಡಲಿಗೆ ತೂಗುಹಾಕದೆ ಕ್ಯಾರಿಯರಿಗೆ ಕಟ್ಟಿ, ಏಕೆಂದರೆ ತೂಗಾಡುವ ಮೂರು ಕೆಜಿ ಕಾಯಿ ತಿರುವಿನಲ್ಲಿ ಮುಂಗಾಲಿಯನ್ನು ತನ್ನ ಕಡೆಗೆ ಎಳೆಯುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರೆ. ಸ್ವೆಟರನ್ನು ಆಗ ಪೆಟ್ಟಿಗೆಗೆ ಹಾಕಬಹುದು, ಆದರೆ ಟೈರಿನ ಲೆಕ್ಕ ಆಗ ತಿರುವುಮುರುವಾಗುತ್ತದೆ. ಬೆಳಗಿನ ತಂಪಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿಸಿ ಕಚೇರಿಯ ಮುಂದಿನ ಬಿಸಿಲಿನಲ್ಲಿ ನಿಲ್ಲಿಸಿದ ಹಳೆಯ ಟೈರು ಮಧ್ಯಾಹ್ನ ಎರಡಕ್ಕೆ ಪಟಾಕಿಯಂತೆ ಸಿಡಿದರೆ ಆಶ್ಚರ್ಯಪಡಬೇಕಿಲ್ಲ. ಮಾರ್ಚಿನಿಂದ ನಾಲ್ಕೈದು ಪೌಂಡ್ ಕಡಿಮೆ ತುಂಬಿಸಿ, ಹೊಂಗೆಮರದ ನೆರಳು ನೋಡಿ ನಿಲ್ಲಿಸಿ.